ಎರಡೂವರೆ ಸ್ಟಾರಿನ ಗಾಲ್ಫ್ ಕೋರ್ಸು ನನಗೇಕೆ ಇಷ್ಟವಾಯಿತು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ವಯಸ್ಸು 61. ಬ್ಯಾಂಕ್ ಕೆಲಸದಲ್ಲಿ ಬೆಂಗಳೂರಿನಲ್ಲಿದ್ದಾಗ ಗಾಲ್ಫ್ ಕಲಿತೆ. ಈಗ ಊರಿಗೆ ಬಂದು ಅಡಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಹ್ಯಾಂಡಿಕ್ಯಾಪ್ 22, ಅಂದರೆ ಒಂದು ಸುತ್ತಿಗೆ ನಿಗದಿಗಿಂತ ಸುಮಾರು ಅಷ್ಟು ಹೊಡೆತ ಜಾಸ್ತಿ ಬೇಕಾಗುವ ಆಟ. ಹುಟ್ಟುಹಬ್ಬಕ್ಕೆ ಸೊಸೆ ಒಂದು ಗಾಲ್ಫ್ ಗೈಡ್ ಪುಸ್ತಕ ಕೊಟ್ಟಳು. ಪ್ರತಿ ಕೋರ್ಸಿಗೂ ಅದರಲ್ಲಿ ಸ್ಟಾರ್ ಕೊಟ್ಟಿದ್ದಾರೆ, ಪಕ್ಕದಲ್ಲಿ ಸ್ಲೋಪ್ ಅಂತ ಒಂದು ನಂಬರ್ ಇದೆ. ನಾಲ್ಕೂವರೆ ಸ್ಟಾರ್, ಸ್ಲೋಪ್ 136 ಇರುವ ದೊಡ್ಡ ಕೋರ್ಸೊಂದಕ್ಕೆ ಆಸೆಯಿಂದ ಹೋದೆ. ಒಂಬತ್ತು ಚೆಂಡು ಕಳೆದುಕೊಂಡು, ಐದು ಗಂಟೆ ಒದ್ದಾಡಿ ಬಂದೆ. ನಮ್ಮ ಬೆಟ್ಟದ ಕಡೆಯ ಇನ್ನೊಂದು ಕೋರ್ಸಿಗೆ ಎರಡೂವರೆ ಸ್ಟಾರ್, ಸ್ಲೋಪ್ 118. ‘ಗ್ರೀನ್ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ನಿಧಾನ, ನೆಲ ಒದ್ದೆ, ಸೌಲಭ್ಯ ಕಡಿಮೆ’ ಅಂತ ಬರೆದಿದ್ದಾರೆ. ಅಲ್ಲಿ ನಾಲ್ಕು ಸಲ ಆಡಿದ್ದೇನೆ. ನಾಲ್ಕೂ ಸಲ ಖುಷಿಯಾಗಿ ಮನೆಗೆ ಬಂದಿದ್ದೇನೆ. ನನ್ನ ರುಚಿಯೇ ಸರಿ ಇಲ್ಲವಾ? ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಮೂವರು ಸ್ನೇಹಿತರ ಜೊತೆ ಒಂದು ವಾರ ಕೋರ್ಸುಗಳನ್ನು ಸುತ್ತುವ ಯೋಚನೆ ಇದೆ. ಪುಸ್ತಕ ನಂಬಲಾ, ಬಿಡಲಾ? ಇನ್ನೊಂದು ವಿಷಯ. ನಾನು ಸದಸ್ಯನಾಗಿರುವ ಒಂಬತ್ತು ಹೋಲಿನ ಸಣ್ಣ ಕ್ಲಬ್ಬಿನ ಕಮಿಟಿಯಲ್ಲಿ ಕೆಲವರು, ಬಂಕರ್ (ಮರಳಿನ ಗುಂಡಿ) ಜಾಸ್ತಿ ಮಾಡಿ ಕೋರ್ಸನ್ನು ಕಷ್ಟ ಮಾಡಿದರೆ ನಮಗೂ ಸ್ಟಾರ್ ಏರುತ್ತದೆ ಅನ್ನುತ್ತಿದ್ದಾರೆ. ಮಾಡಬಹುದಾ?

ಉತ್ತರ: ನಿಮ್ಮ ರುಚಿ ನೆಟ್ಟಗೇ ಇದೆ. ಅನುಮಾನ ಪಡಬೇಕಾದ್ದು ಆ ಸ್ಟಾರಿನ ಮೇಲೆ. ಇದನ್ನು ಧೈರ್ಯವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಅಂಥ ಸ್ಟಾರುಗಳನ್ನು ನಾನೂ ಕೊಟ್ಟಿದ್ದೇನೆ.

ನನ್ನ ಮುಖ್ಯ ಕಸುಬು ಹುಲ್ಲಿನದು. ಗಾಲ್ಫ್ ಕೋರ್ಸುಗಳ ಗ್ರೀನ್ ಮತ್ತು ಅದಕ್ಕೆ ಹೋಗುವ ಹುಲ್ಲಿನ ಹಾದಿ, ಅಂದರೆ ಫೇರ್‌ವೇ, ನೋಡಿಕೊಳ್ಳುವ ಕೆಲಸ, ಇಪ್ಪತ್ತೈದು ವರ್ಷಕ್ಕೂ ಮೇಲೆ. ನಡುವೆ ಒಂದೆರಡು ವರ್ಷ ಒಂದು ಗೈಡಿಗೆ ಕೋರ್ಸ್ ನೋಡಿ ಮಾರ್ಕು ಹಾಕುವ ಕೆಲಸ ಸಿಕ್ಕಿತು. ಒಮ್ಮೆ ಪುಷ್ಯ ಮಳೆ ಹೊಡೆಯುತ್ತಿದ್ದಾಗ ಬೆಟ್ಟದ ಕೋರ್ಸೊಂದಕ್ಕೆ ಹೋದೆ. ಚೆಂಡು ಬಿದ್ದಲ್ಲೇ ಹೂತುಹೋಗುತ್ತಿತ್ತು. ಛತ್ರಿ ಹಿಡಿದ ಕ್ಯಾಡಿ ನನ್ನನ್ನು ನೋಡಿ ಮರುಕ ಪಡುತ್ತಿದ್ದ. ಹದಿನಾಲ್ಕನೇ ಹೋಲಿಗೆ ಬರುವಾಗ ಸಾಕ್ಸಿನೊಳಗೆ ಎರಡು ಉಂಬಳ. ಸಾಕಪ್ಪಾ ಅಂತ ಕ್ಲಬ್‌ಹೌಸಿಗೆ ಓಡಿಬಂದು, ಕಾಫಿ ಕುಡಿದು, ಹತ್ತಕ್ಕೆ ನಾಲ್ಕು ಅಂತ ಬರೆದೆ. ಉಳಿದ ನಾಲ್ಕು ಹೋಲು ನೋಡಲೇ ಇಲ್ಲ.

ಮಾರನೇ ಜನವರಿಯಲ್ಲಿ ಬೇರೆ ಕೆಲಸದ ಮೇಲೆ ಅದೇ ಕೋರ್ಸಿಗೆ ಹೋಗಬೇಕಾಯಿತು. ನಾನು ಅವತ್ತು ನೋಡದೆ ಬಿಟ್ಟಿದ್ದ ಹದಿನಾರನೇ ಹೋಲು, ಕಣಿವೆಯ ಮೇಲಿಂದ ಆಚೆ ಗುಡ್ಡಕ್ಕೆ ಹೊಡೆಯುವ ಪಾರ್-3 (ಮೂರು ಹೊಡೆತದಲ್ಲಿ ಮುಗಿಸಬೇಕಾದ್ದು), ನಾನು ಕಂಡ ಒಳ್ಳೇ ಹೋಲುಗಳಲ್ಲಿ ಒಂದು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿ ಅಂಗಡಿಗೆ ಹೋಗಿತ್ತು. ಆ ನಾಲ್ಕು ಮಾರ್ಕು ಹಾಗೇ ಉಳಿಯಿತು. ಯಾವ ಓದುಗನಿಗೂ ಅದರ ಹಿಂದೆ ಎರಡು ಉಂಬಳ ಇದ್ದದ್ದು ಗೊತ್ತಾಗಲಿಲ್ಲ.

ಈಗ ನಿಮ್ಮ ಪುಸ್ತಕದ ನಂಬರುಗಳಿಗೆ ಬರೋಣ. ಸ್ಟಾರ್ ಮತ್ತು ಸ್ಲೋಪನ್ನು ಅಕ್ಕಪಕ್ಕ ಅಚ್ಚು ಹಾಕುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಅವೆರಡಕ್ಕೂ ಸಂಬಂಧವೇ ಇಲ್ಲ. ನೀವು ಅಡಕೆಯವರು, ಹೀಗೆ ಹೇಳಿದರೆ ಬೇಗ ಹಿಡಿಸುತ್ತದೆ. ಸ್ಲೋಪ್ ಅಂದರೆ ಅಡಕೆಯ ತೇವಾಂಶವನ್ನು ಮೀಟರ್ ಇಟ್ಟು ನೋಡಿದ ಹಾಗೆ. ಯಾರು ನೋಡಿದರೂ ಹೆಚ್ಚುಕಡಿಮೆ ಅದೇ ಬರಬೇಕು. ಸ್ಟಾರ್ ಅಂದರೆ ಮಂಡಿಯಲ್ಲಿ ಖರೀದಿದಾರ ಚೀಲಕ್ಕೆ ಕೈ ಹಾಕಿ, ಒಂದು ಅಡಕೆ ಒಡೆದು ನೋಡಿ ಕೂಗುವ ರೇಟು. ಒಂದೇ ವ್ಯತ್ಯಾಸ. ಮಂಡಿಯವನು ತಪ್ಪು ಕೂಗಿದರೆ ಅವನ ದುಡ್ಡೇ ಹೋಗುತ್ತದೆ. ಗೈಡ್ ಬರೆಯುವವನಿಗೆ ಆ ಭಯ ಇಲ್ಲ. ನನಗಂತೂ ಇರಲಿಲ್ಲ.

ಸ್ಲೋಪ್ ನಂಬರ್ 55ರಿಂದ 155ರವರೆಗೆ ಇರುತ್ತದೆ. ನಡುವಿನ ಮಟ್ಟ ಅಂತ ಇಟ್ಟುಕೊಂಡಿರುವುದು 113. ಇದನ್ನು ಲೆಕ್ಕ ಹಾಕಲು ರೇಟಿಂಗ್ ತಂಡದವರು ಇಬ್ಬರು ಆಟಗಾರರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಬ್ಬ ಸ್ಕ್ರ್ಯಾಚ್ ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ, ಟೀಯಿಂದ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) 250 ಗಜ ಹೊಡೆಯುವವನು. ಇನ್ನೊಬ್ಬ ಬೋಗಿ ಆಟಗಾರ, ಹ್ಯಾಂಡಿಕ್ಯಾಪ್ ಸುಮಾರು 20, 200 ಗಜ ಹೊಡೆಯುವವನು. ಅಂದರೆ ನಿಮ್ಮಂಥವರು. ಆ ಕೋರ್ಸಿನಲ್ಲಿ ಇಬ್ಬರಿಗೂ ಎಷ್ಟೆಷ್ಟು ಹೊಡೆತ ಬೇಕಾಗಬಹುದು ಅಂತ ಅಂದಾಜು ಮಾಡಿ, ಆ ಅಂತರವನ್ನು ಗಂಡಸರ ಲೆಕ್ಕದಲ್ಲಿ 5.381ರಿಂದ ಗುಣಿಸುತ್ತಾರೆ. ಸ್ಕ್ರ್ಯಾಚ್ ಆಟಗಾರನಿಗೆ 71, ಬೋಗಿ ಆಟಗಾರನಿಗೆ 95 ಅಂತ ಬಂದರೆ ಅಂತರ 24. ಗುಣಿಸಿದರೆ ಸ್ಲೋಪ್ 129.

ಗಮನಿಸಿದಿರಾ? ಈ ಲೆಕ್ಕದಲ್ಲಿ ಕೋರ್ಸು ಚೆನ್ನಾಗಿದೆಯಾ ಅನ್ನುವ ಪ್ರಶ್ನೆ ಎಲ್ಲೂ ಬರಲಿಲ್ಲ. ನಿಮ್ಮಂಥ ಆಟಗಾರನಿಗೆ, ಪಳಗಿದವನಿಗಿಂತ ಎಷ್ಟು ಜಾಸ್ತಿ ಏಟು ಬೀಳುತ್ತದೆ ಅನ್ನುವುದಷ್ಟೇ ಅದರಲ್ಲಿರುವುದು. ನಿಮ್ಮ ಹ್ಯಾಂಡಿಕ್ಯಾಪ್ 22ನ್ನೇ ಇಂಡೆಕ್ಸ್, ಅಂದರೆ ಯಾವ ಕೋರ್ಸಿಗೂ ಸೇರದ ಮೂಲ ಅಂಕ, ಅಂತ ಇಟ್ಟುಕೊಂಡು ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ. 118ರ ಕೋರ್ಸಿನಲ್ಲಿ 23 ಬರುತ್ತದೆ, 136ರ ಕೋರ್ಸಿನಲ್ಲಿ 26. ಕೋರ್ಸ್ ರೇಟಿಂಗ್ (ಸ್ಕ್ರ್ಯಾಚ್ ಆಟಗಾರನ ಅಂದಾಜು ಹೊಡೆತ) ಮತ್ತು ಪಾರ್ (ಕೋರ್ಸಿಗೆ ನಿಗದಿ ಮಾಡಿದ ಹೊಡೆತ) ನಡುವಿನ ವ್ಯತ್ಯಾಸ ಬೇರೆ ಸೇರಿಸಬೇಕು, ಅದನ್ನು ಸದ್ಯಕ್ಕೆ ಬಿಡಿ. ಸ್ಲೋಪ್ ಒಂದರಿಂದಲೇ ಮೂರು ಹೊಡೆತದ ಫರಕು. ‘ಇಲ್ಲಿ ನಿಮಗೆ ಕಷ್ಟ ಆಗುತ್ತೆ’ ಅಂತ ಆ 136 ಮೊದಲೇ ಹೇಳಿತ್ತು. ಸ್ಟಾರಿನ ಪಕ್ಕ ಕೂತಿದ್ದರಿಂದ ಅದೂ ಹೊಗಳಿಕೆಯ ಹಾಗೆ ಕಂಡಿತು, ಅಷ್ಟೇ.

ಇನ್ನೂ ಒಂದು ಎಡವಟ್ಟು ಇದೆ. ಸ್ಲೋಪ್ ಇಡೀ ಕೋರ್ಸಿಗೆ ಒಂದೇ ಅಲ್ಲ, ಒಂದೊಂದು ಟೀಗೂ ಬೇರೆ. ಹಿಂದಿನ ಟೀಯಿಂದ 136 ಇದ್ದರೆ, ಮುಂದಿನ ಟೀಯಿಂದ ಅದು ಸಾಕಷ್ಟು ಕಡಿಮೆ ಇರಬಹುದು. ಗೈಡುಗಳು ಸಾಮಾನ್ಯವಾಗಿ ಅಚ್ಚು ಹಾಕುವುದು ಹಿಂದಿನ ಟೀಯ ನಂಬರ್. ದೊಡ್ಡದಾಗಿ ಕಾಣುತ್ತದಲ್ವಾ! ನೀವು ಅವತ್ತು ಯಾವ ಟೀಯಿಂದ ಆಡಿದಿರಿ ಅಂತ ಬರೆದಿಲ್ಲ. ಜೊತೆಯವರು ಹಿಂದೆ ನಿಂತರು ಅಂತ ನೀವೂ ಅಲ್ಲೇ ನಿಂತಿದ್ದರೆ, ಆ ಒಂಬತ್ತು ಚೆಂಡಿನಲ್ಲಿ ನಾಲ್ಕಾದರೂ ಮುಂದಿನ ಟೀಯಲ್ಲಿ ಉಳಿಯುತ್ತಿದ್ದವು.

ಕಷ್ಟ ಅಂದರೆ ಶ್ರೇಷ್ಠ ಅನ್ನುವ ಭ್ರಮೆ ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಗಾಲ್ಫ್ ಡೈಜೆಸ್ಟ್ ಪತ್ರಿಕೆ 1966ರಲ್ಲಿ ತನ್ನ ಮೊದಲ ಪಟ್ಟಿ ಮಾಡಿದಾಗ ಅದು ‘ಅತಿ ಕಷ್ಟದ 200 ಕೋರ್ಸುಗಳು’ ಅಂತಲೇ ಇತ್ತು. ಅದೇ ಪಟ್ಟಿ ಮುಂದೆ ‘ಅತಿ ಶ್ರೇಷ್ಠ 100’ ಆಯಿತು. ಹೆಸರು ಬದಲಾದರೂ ಹಳೇ ವಾಸನೆ ಪೂರ್ತಿ ಹೋಗಿಲ್ಲ. ಇವತ್ತಿಗೂ ಮಾರ್ಕು ಹಾಕುವವರಲ್ಲಿ ಹೆಚ್ಚಿನವರು ಚೆನ್ನಾಗಿ ಆಡುವವರೇ. ಅವರಿಗೆ ನೀರು ದಾಟಿಸಿ 180 ಗಜ ಹೊಡೆಯುವುದು ಮೋಜು. ನಿಮಗೆ ಅದು ಚೆಂಡಿನ ಖರ್ಚು.

ಇನ್ನು ‘ಗ್ರೀನ್ ನಿಧಾನ, ನೆಲ ಒದ್ದೆ’ ಅನ್ನುವ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇದು ನನ್ನ ಹೊಟ್ಟೆಪಾಡಿನ ವಿಷಯ.

ಗಾಲ್ಫ್ ಲೋಕದಲ್ಲಿ ಬರ್ಮುಡಾ ಹುಲ್ಲು ಅಂತ ದೊಡ್ಡದಾಗಿ ಹೇಳುತ್ತಾರಲ್ಲ, ಅದು ಬೇರೇನೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆ. ಅದರ ಮಿಶ್ರ ತಳಿಗಳನ್ನು ಗ್ರೀನಿಗೆ ಹಾಕುತ್ತಾರೆ. ಗರಿಕೆಗೆ ಬೇಕಾದ್ದು ಬಿಸಿಲು. ನೆರಳಾದರೆ ಸೊರಗುತ್ತದೆ. ನಮ್ಮಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ ಸೂರ್ಯ ಮುಖ ತೋರಿಸುವುದೇ ಕಷ್ಟ. ಬೇಸಿಗೆಯಲ್ಲಿ ಗ್ರೀನಿನ ಹುಲ್ಲನ್ನು 3-4 ಮಿಲಿಮೀಟರಿಗೆ ಕತ್ತರಿಸುತ್ತೇವೆ. ಮಳೆಗಾಲದಲ್ಲಿ ಹಾಗೇ ಕತ್ತರಿಸಿದರೆ ಸೊರಗಿದ ಹುಲ್ಲು ಸತ್ತೇ ಹೋಗುತ್ತದೆ, ಆ ಜಾಗಕ್ಕೆ ಪಾಚಿ ಬರುತ್ತದೆ. ಅದಕ್ಕೇ ಕತ್ತಿ ಮೇಲೆತ್ತಿ 5 ಮಿಲಿಮೀಟರ್, ಇನ್ನೂ ಜಾಸ್ತಿ ಬಿಡುತ್ತೇವೆ. ಆಗ ಚೆಂಡು ನಿಧಾನ ಆಗಲೇಬೇಕು. ಅಂದರೆ ಜುಲೈನಲ್ಲಿ ಬೆಟ್ಟದ ಮೇಲೆ ಗ್ರೀನ್ ನಿಧಾನ ಇದೆ ಅಂದರೆ ಅಲ್ಲಿನ ಮಾಲಿಗೆ ಕೆಲಸ ಗೊತ್ತು ಅಂತ ಅರ್ಥ. ಪುಸ್ತಕದಲ್ಲಿ ಮಾತ್ರ ಅದು ತಪ್ಪಿನ ಖಾತೆಗೆ ಹೋಗುತ್ತದೆ.

ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರಿನ ಕಥೆಯೂ ಹೀಗೇ. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಕೋರ್ಸಿನಲ್ಲಿ ಯು.ಎಸ್. ಓಪನ್ ಪಂದ್ಯಾವಳಿ ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ಅನ್ನುವವರು ಇದನ್ನು ಮಾಡಿದರು. ಇಳಿಜಾರಿನ ಒಂದು ಸರಳ ಪಟ್ಟಿ, ಅದರಿಂದ ಚೆಂಡು ಉರುಳಿ ಎಷ್ಟು ಅಡಿ ಓಡಿತು ಅನ್ನುವುದೇ ಅಳತೆ. ಒಂದೇ ಕೋರ್ಸಿನ ಎಲ್ಲ ಗ್ರೀನೂ ಒಂದೇ ಥರ ಇವೆಯಾ ಅಂತ ನೋಡಿಕೊಳ್ಳಲು ನಮ್ಮಂಥ ಕೆಲಸದವರಿಗೆ ಇದು ಬಹಳ ಉಪಯೋಗ. ಈಗ ಅದನ್ನು ‘ನಮ್ಮದು ಹನ್ನೊಂದು, ನಿಮ್ಮದು ಎಂಟು’ ಅಂತ ಜಂಬಕ್ಕೆ ಬಳಸುತ್ತಾರೆ.

ಮಳೆಯ ವಿಷಯದಲ್ಲಿ ನಮ್ಮ ಜಿಲ್ಲೆಯೇ ಒಂದು ಪಾಠ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಸುರಿಯುತ್ತದೆ. ಅಲ್ಲಿಂದ ನೂರು ಕಿಲೋಮೀಟರೂ ಇಲ್ಲದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಇಡೀ ದೇಶಕ್ಕೆ ಒಂದೇ ಅಳತೆಗೋಲು ಹಿಡಿದು ಹೊರಟ ಪುಸ್ತಕ ಈ ನೂರು ಕಿಲೋಮೀಟರನ್ನೇ ಹಿಡಿಯಲಾರದು. ಅಧಿಕೃತ ಸ್ಲೋಪ್ ಲೆಕ್ಕದವರಾದರೂ ಹಂಗಾಮಿನ ನಡುವಿನ ಸಾಮಾನ್ಯ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ನಿಯಮ ಇಟ್ಟುಕೊಂಡಿದ್ದಾರೆ. ಹತ್ತು ವರ್ಷಕ್ಕೆ ಒಮ್ಮೆಯಾದರೂ ಮತ್ತೆ ಅಳೆಯಬೇಕು ಅಂತಲೂ ಇದೆ. ಸ್ಟಾರ್ ಕೊಡುವವನಿಗೆ ಅಂಥ ಯಾವ ಕಟ್ಟೂ ಇಲ್ಲ. ಅವನು ಬಂದ ದಿನವೇ ಅವನ ಹಂಗಾಮು.

ಬೇಸಿಗೆಯಲ್ಲಿ ಬಂದರೂ ಎಡವಟ್ಟು ತಪ್ಪಿದ್ದಲ್ಲ. ನೆಲ ಗಟ್ಟಿಯಾಗದ ಹಾಗೆ ಗ್ರೀನಿಗೆ ಸಣ್ಣ ಸಣ್ಣ ತೂತು ಕೊರೆದು ಮರಳು ತುಂಬುವ ಕೆಲಸ ಇರುತ್ತದೆ. ಮಾಡಿದ ಮೇಲೆ ಎರಡು ವಾರ ಚೆಂಡು ಕುಣಿಯುತ್ತಾ ಹೋಗುತ್ತದೆ. ಆ ಎರಡು ವಾರದಲ್ಲಿ ಪುಸ್ತಕದವನು ಬಂದರೆ ಒಂದು ಸ್ಟಾರ್ ಹೋಯಿತು ಅಂತಲೇ ಲೆಕ್ಕ.

ಒಂದೇ ಸಲ ನೋಡಿ ತೀರ್ಪು ಕೊಡುವುದರಲ್ಲಿ ದೊಡ್ಡವರೂ ಎಡವಿದ್ದಾರೆ. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ಓಲ್ಡ್ ಕೋರ್ಸಿಗೆ ಅಮೆರಿಕದ ಹೆಸರಾಂತ ಆಟಗಾರ ಬಾಬಿ ಜೋನ್ಸ್ ಮೊದಲು ಹೋದದ್ದು 1921ರ ಬ್ರಿಟಿಷ್ ಓಪನ್ ಪಂದ್ಯಾವಳಿಗೆ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಮೂರನೇ ಸುತ್ತಿನ ಹನ್ನೊಂದನೇ ಹೋಲಿನಲ್ಲಿ ಬಂಕರಿಗೆ ಸಿಕ್ಕಿಬಿದ್ದು, ಸಿಟ್ಟಿನಿಂದ ಆಟವನ್ನೇ ಕೈಬಿಟ್ಟರು. ಅವತ್ತು ಯಾರಾದರೂ ಅವರ ಕೈಗೆ ಸ್ಟಾರ್ ಹಾಕುವ ಹಾಳೆ ಕೊಟ್ಟಿದ್ದರೆ ಏನು ಬರೆಯುತ್ತಿದ್ದರೋ! ಅದೇ ಜೋನ್ಸ್ 1927ರಲ್ಲಿ ಅದೇ ಕೋರ್ಸಿನಲ್ಲಿ ಓಪನ್ ಗೆದ್ದರು, 1930ರಲ್ಲಿ ಅಲ್ಲೇ ಬ್ರಿಟಿಷ್ ಅಮೆಚೂರ್ ಗೆದ್ದರು. 1958ರಲ್ಲಿ ಆ ಊರು ಅವರಿಗೆ ಗೌರವ ನಾಗರಿಕತ್ವ ಕೊಟ್ಟಿತು. ಕೋರ್ಸು ಬದಲಾಗಿರಲಿಲ್ಲ. ನೋಡುವ ಕಣ್ಣು ಪಳಗಿತ್ತು. ನಿಮ್ಮ ಬೆಟ್ಟದ ಕೋರ್ಸಿನಲ್ಲಿ ನೀವು ನಾಲ್ಕು ಸಲ ಆಡಿದ್ದೀರಿ. ಪುಸ್ತಕದವನು ಬಹುಶಃ ಒಂದೇ ಸಲ. ಯಾರ ಮಾತಿಗೆ ತೂಕ ಜಾಸ್ತಿ?

ಸ್ಟಾರಿನಲ್ಲಿ ಇನ್ನೇನೇನು ಸೇರಿಕೊಂಡಿರುತ್ತದೆ ಅಂತಲೂ ತಿಳಿದಿರಲಿ. ಕ್ಲಬ್‌ಹೌಸಿನ ಊಟ, ಲಾಕರ್ ರೂಮಿನ ಟವೆಲು, ಗಾಡಿ ನಿಲ್ಲಿಸುವ ಜಾಗ. ಬಹಳ ಸಲ ಪುಸ್ತಕದವರಿಗೆ ಆಟ ಪುಕ್ಕಟೆ, ಉಳಿಯುವ ವ್ಯವಸ್ಥೆಯೂ ಕ್ಲಬ್ಬಿನದೇ. ಲಂಚ ಅಂತ ನಾನು ಹೇಳುವುದಿಲ್ಲ. ಆದರೆ ಒಳ್ಳೇ ಊಟ ಹಾಕಿದವರ ಬಗ್ಗೆ ಕೆಟ್ಟದ್ದು ಬರೆಯಲು ಪೆನ್ನು ಸ್ವಲ್ಪ ತಡವರಿಸುತ್ತದೆ, ಅನುಭವದ ಮಾತು. ಜೊತೆಗೆ ಸರಾಸರಿಯ ಮೋಸ ಬೇರೆ. ಒಬ್ಬರು ಐದು ಸ್ಟಾರ್, ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟ ಕೋರ್ಸಿಗೆ ಮೂರು ಬರುತ್ತದೆ. ಇಬ್ಬರೂ ಸುಮ್ನೆ ಮೂರು ಕೊಟ್ಟ ಸಪ್ಪೆ ಕೋರ್ಸಿಗೂ ಮೂರೇ. ನನಗೆ ಕೇಳಿದರೆ ಮೊದಲನೆಯದಕ್ಕೇ ಹೋಗಿ ಅನ್ನುತ್ತೇನೆ. ಜಗಳ ಹುಟ್ಟಿಸುವ ಕೋರ್ಸಿನಲ್ಲಿ ಏನಾದರೂ ಇದ್ದೇ ಇರುತ್ತದೆ.

ಹಾಗಂತ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ, ಸೊಸೆ ಪ್ರೀತಿಯಿಂದ ಕೊಟ್ಟದ್ದು. ನಂಬರು ಬಿಟ್ಟು ಅಕ್ಷರ ಓದಿ. ಎಷ್ಟು ಹೋಲಿಗೆ ನೀರು ದಾಟಿಸಬೇಕು, ನಡೆದು ಆಡಬಹುದಾ, ಮರ ಎಷ್ಟು ಒತ್ತಾಗಿವೆ ಅನ್ನುವ ವಿವರ ಇದ್ದರೆ ಅದಕ್ಕೆ ಬೆಲೆ ಇದೆ. ‘ಅದ್ಭುತ’, ‘ಮರೆಯಲಾಗದ’ ಅಂತ ಬರೀ ಹೊಗಳಿಕೆಯೇ ಇದ್ದರೆ ಪುಟ ತಿರುಗಿಸಿ. ಗಜದ ಲೆಕ್ಕದಲ್ಲೂ ಹುಷಾರು. ಬೆಟ್ಟದ ಕೋರ್ಸಿನಲ್ಲಿ ಮೂರು ಅಡಿ ಏರಿಗೆ ಒಂದು ಗಜ ಜಾಸ್ತಿ ಅಂತ ಅಂದಾಜು ಇಟ್ಟುಕೊಳ್ಳಿ. ಕಾರ್ಡಿನಲ್ಲಿ 150 ಇದ್ದು, ಗ್ರೀನ್ 30 ಅಡಿ ಮೇಲಿದ್ದರೆ ನೀವು ಹೊಡೆಯಬೇಕಾದ್ದು 160.

ಫೆಬ್ರವರಿ ಪ್ರವಾಸಕ್ಕೆ ನಿಮ್ಮ ಮುಂದೆ ಎರಡು ಮೂರು ದಾರಿ ಇವೆ. ಪುಸ್ತಕದ ಮೇಲಿನ ಸಾಲಿನ ಕೋರ್ಸುಗಳನ್ನೇ ಸುತ್ತಬಹುದು. ನೆಲ ಚೆನ್ನಾಗಿರುತ್ತದೆ, ವ್ಯವಸ್ಥೆ ಇರುತ್ತದೆ. ಆದರೆ ದುಡ್ಡು ಜಾಸ್ತಿ, ಮತ್ತು ಒಂಬತ್ತು ಚೆಂಡಿನ ಕಥೆ ದಿನಾ ನಡೆದರೆ ಮೂರನೇ ದಿನಕ್ಕೆ ಸ್ನೇಹಿತರೊಳಗೇ ಮುಖ ಕೆಡುತ್ತದೆ. ಇಲ್ಲವೇ ಪುಸ್ತಕ ಬಿಟ್ಟು ಬಾಯಿಮಾತು ನಂಬಬಹುದು. ಅದರಲ್ಲೂ ಅಪಾಯ ಇದೆ. ತಮ್ಮೂರಿನ ಕೋರ್ಸು ಎಲ್ಲರಿಗೂ ಸ್ವರ್ಗವೇ, ಹುಲ್ಲೇ ಇಲ್ಲದ ಗ್ರೀನನ್ನೂ ಹೊಗಳಿ ಕಳಿಸುತ್ತಾರೆ. ನಾನು ನಿಮ್ಮ ಜಾಗದಲ್ಲಿದ್ದರೆ ಒಂದೇ ಒಂದು ದೊಡ್ಡ ಕೋರ್ಸು ಇಟ್ಟುಕೊಂಡು, ಅಲ್ಲಿ ನಾಚಿಕೆ ಬಿಟ್ಟು ಮುಂದಿನ ಟೀಯಿಂದ ಆಡುತ್ತೇನೆ. ಉಳಿದ ದಿನಕ್ಕೆ ಸ್ಲೋಪ್ 120ರ ಆಸುಪಾಸಿನವು. ಒಂದು ಕೋರ್ಸನ್ನಾದರೂ ಎರಡು ಸಲ ಆಡಿ. ಇದಕ್ಕೆ ತೆರಬೇಕಾದ ಬೆಲೆ ಅಂದರೆ ಪಟ್ಟಿಯಲ್ಲಿ ಒಂದೆರಡು ಹೆಸರು ಕಡಿಮೆ ಆಗುತ್ತವೆ, ಅಷ್ಟೇ.

ಹೊರಡುವ ವಾರ ಮೊದಲು ಕ್ಲಬ್ಬಿಗೆ ಫೋನ್ ಮಾಡಿ. ಆಫೀಸಿನವರ ಹತ್ತಿರ ‘ಕೋರ್ಸ್ ಹೇಗಿದೆ’ ಅಂತ ಕೇಳಿದರೆ ‘ಚೆನ್ನಾಗಿದೆ ಸಾರ್’ ಅಂತಲೇ ಬರುತ್ತದೆ. ‘ಗ್ರೀನಿಗೆ ತೂತು ಹೊಡೆದು ಮರಳು ಹಾಕಿದ್ದು ಯಾವಾಗ? ಹದಿನೆಂಟೂ ಗ್ರೀನ್ ತೆರೆದಿವೆಯಾ, ಯಾವುದಾದರೂ ತಾತ್ಕಾಲಿಕ ಗ್ರೀನ್ ಇದೆಯಾ?’ ಅಂತ ಕೇಳಿ. ಆಗ ಫೋನು ಮಾಲಿ ಮೇಸ್ತ್ರಿಯ ಕೈಗೆ ಹೋಗುತ್ತದೆ. ಅವರು ಸುಳ್ಳು ಹೇಳುವುದು ಕಡಿಮೆ.

ಈಗ ನಿಮ್ಮ ಕಮಿಟಿಯ ಬಂಕರ್ ಯೋಜನೆ. ದಯವಿಟ್ಟು ತಡೆಯಿರಿ.

ಮೊದಲನೆಯದಾಗಿ ಅವರ ಲೆಕ್ಕವೇ ತಪ್ಪು. ಸ್ಲೋಪ್ ಅಳೆಯುವಾಗ ನೋಡುವ ಅಡಚಣೆಗಳು ಹತ್ತು. ನೆಲದ ಏರುತಗ್ಗು, ಫೇರ್‌ವೇ ಅಗಲ, ಗ್ರೀನಿನ ಗಾತ್ರ, ಮರ, ರಫ್ (ಪಕ್ಕದ ಉದ್ದ ಹುಲ್ಲು), ನೀರು, ಹೀಗೆ. ಬಂಕರ್ ಅದರಲ್ಲಿ ಒಂದು ಮಾತ್ರ. ಬಂಕರ್ ತೋಡಿ ಸ್ಲೋಪ್ ಒಂದೆರಡು ಅಂಕ ಏರಿದರೂ ಸ್ಟಾರ್ ಏರುತ್ತದೆ ಅನ್ನುವ ಖಾತ್ರಿ ಇಲ್ಲ. ಎರಡನೆಯದು ನಮ್ಮ ಮಳೆ. ಬಂಕರ್ ಅಂದರೆ ಮರಳು ತುಂಬಿದ ಗುಂಡಿ. ಮಲೆನಾಡಿನಲ್ಲಿ ಗುಂಡಿ ತೋಡಿದರೆ ಜೂನ್‌ನಲ್ಲಿ ಅದು ಕೆರೆ. ಅಂಚಿನ ಮರಳೆಲ್ಲ ಕೊಚ್ಚಿ ತಳಕ್ಕೆ ಇಳಿಯುತ್ತದೆ, ಪಕ್ಕದ ಕೆಂಪು ಮಣ್ಣು ಬಂದು ಅದರಲ್ಲಿ ಬೆರೆಯುತ್ತದೆ. ಒಣಗಿದ ಮೇಲೆ ಅದು ಮರಳಲ್ಲ, ಗಾರೆ. ಪ್ರತಿ ಬಂಕರಿಗೂ ತಳದಲ್ಲಿ ಪೈಪು ಬೇಕು, ಪ್ರತಿ ಮಳೆ ಆದ ಮೇಲೂ ಮರಳು ಎಳೆದು ಮೇಲೆ ಹಾಕಲು ಆಳು ಬೇಕು. ತೋಟಕ್ಕೇ ಆಳು ಸಿಗದ ಕಾಲ. ಬಂಕರಿಗೆ ಎಲ್ಲಿಂದ ತರುತ್ತೀರಿ?

ಒಂದು ಸಣ್ಣ ಕ್ಲಬ್ ಹೀಗೇ ಹನ್ನೊಂದು ಬಂಕರ್ ತೋಡಿಸಿ, ಎರಡು ಮಳೆಗಾಲ ಕಳೆದ ಮೇಲೆ ಏಳನ್ನು ಮುಚ್ಚಲು ನನ್ನನ್ನೇ ಕರೆಸಿತ್ತು. ಮುಚ್ಚುವುದಕ್ಕೂ ದುಡ್ಡು ಬೇಕು ಅಂತ ಅವರಿಗೆ ಆಗ ಗೊತ್ತಾಯಿತು.

ಅದೇ ದುಡ್ಡು ಬೇರೆ ಕಡೆ ಹಾಕಬಹುದು. ಚರಂಡಿಗೆ ಹಾಕಿದರೆ ಲಾಭ ಎದ್ದು ಕಾಣುತ್ತದೆ, ಆದರೆ ಒಂದು ಹಂಗಾಮು ಫೇರ್‌ವೇ ಅಗೆದ ಹಾಗೇ ಇರುತ್ತದೆ, ಸದಸ್ಯರ ಬೈಗುಳ ಕೇಳಬೇಕು. ಗ್ರೀನಿನ ಮೇಲೆ ಬಾಗಿದ ಕೊಂಬೆ ಸವರಿ ಬೆಳಗಿನ ಬಿಸಿಲು ಬೀಳುವ ಹಾಗೆ ಮಾಡಿದರೆ ಗರಿಕೆ ತಾನಾಗಿ ಚಿಗುರುತ್ತದೆ. ಮರವನ್ನೇ ಕಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ಅದನ್ನು ಮರೆತು ಕೈಹಾಕಬೇಡಿ. ಮೂರನೆಯದು, ಒಂಬತ್ತು ಹೋಲಿಗೂ ಇನ್ನೊಂದು ಟೀ ಮಾಡುವುದು. ಎರಡನೇ ಸುತ್ತಿನಲ್ಲಿ ಬೇರೆ ಕೋನದಿಂದ ಆಡಿದರೆ ಒಂಬತ್ತೇ ಹದಿನೆಂಟರ ಹಾಗೆ ಆಗುತ್ತದೆ. ಖರ್ಚು ಕಡಿಮೆ, ಆಟ ಹೊಸದು. ಆದರೆ ಸುತ್ತು ಜಾಸ್ತಿ ಆದಷ್ಟೂ ಗ್ರೀನಿನ ಮೇಲೆ ತುಳಿತ ಜಾಸ್ತಿ, ಮಾಲಿಗೆ ಕೆಲಸವೂ ಜಾಸ್ತಿ. ನನ್ನ ಒಲವು ಮೊದಲು ಚರಂಡಿ, ಆಮೇಲೆ ಟೀ.

ಕಮಿಟಿಯವರು ಒಪ್ಪದಿದ್ದರೆ ಜಗಳ ಬೇಡ. ಬರುವ ಮಳೆಗಾಲದಲ್ಲಿ ಒಂದು ದಿನ, ಜೋರು ಮಳೆ ನಿಂತ ಅರ್ಧ ಗಂಟೆಗೆ, ಅವರನ್ನೆಲ್ಲ ಕರೆದುಕೊಂಡು ಒಂಬತ್ತೂ ಹೋಲು ನಡೆಯಿರಿ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗಿ, ಉಂಬಳ ಇರುತ್ತವೆ. ನೀರು ನಿಂತ ಕಡೆಯೆಲ್ಲ ಒಂದೊಂದು ಅಡಕೆ ದಬ್ಬೆ ಚುಚ್ಚುತ್ತಾ ಬನ್ನಿ. ಹೊಸ ಬಂಕರ್ ಎಲ್ಲಿ ಅಂತ ಅವರು ಗುರುತು ಹಾಕಿರುವ ನಕ್ಷೆಯಲ್ಲಿ ಆ ದಬ್ಬೆಗಳನ್ನೂ ಗುರುತು ಮಾಡಿ ನನಗೆ ಕಳಿಸಿ. ಚರಂಡಿ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅಂತ ಅದರ ಮೇಲೇ ಗೀಚಿ ವಾಪಸ್ ಕಳಿಸುತ್ತೇನೆ.